ಅತ್ತೆಯ ಎರಡು ಬೆರಳು

ಕಾರು ಪಂಕ್ಚರ್ ಆದದ್ದು ಕಣೇಕಲ್ಲು ಕೆರೆಯ ಏರಿಯ ಹತ್ತಿರ. ಸ್ಟೆಪ್ನಿ ಇಳಿಸಿ ನೋಡಿದರೆ ಅದರಲ್ಲೂ ಗಾಳಿ ಇರಲಿಲ್ಲ. ಡ್ರೈವರು ಎರಡೂ ಟೈರುಗಳನ್ನು ಹಾದಿಯಲ್ಲಿ ಬಂದ ಆಟೋಕ್ಕೆ ಹೇರಿಕೊಂಡು, "ಅರ್ಧ ಗಂಟೆ ಸಾರ್" ಅಂತ ಊರೊಳಗೆ ಹೋದ. ಅವನ ಅರ್ಧ ಗಂಟೆ ಎರಡೂವರೆ ಗಂಟೆಯಾಯಿತು. ದೊಡ್ಡಮ್ಮ ಒಮ್ಮೆ ಸೂರ್ಯನನ್ನು ನೋಡಿದಳು, ಒಮ್ಮೆ ನನ್ನನ್ನು ನೋಡಿದಳು, ಮಾತಾಡದೆ ಕೈಚೀಲ ಎತ್ತಿಕೊಂಡು ಬೇವಿನ ಮರದ ನೆರಳಿಗೆ ಹೋಗಿ ಕುಳಿತಳು.

ಅವಳ ಸಿಟ್ಟಿಗೆ ಕಾರಣವಿತ್ತು. ಶ್ರಾವಣದಲ್ಲಿ ಒಂದೇ ದಿನ ಮೂರು ಆಂಜನೇಯರ ದರ್ಶನ ಮಾಡಿ ಬರುವುದು ನಮ್ಮ ಬಳ್ಳಾರಿ ಸೀಮೆಯವರ ಹಳೆಯ ನೇಮ. ಮುರಡಿ, ನೇಮಕಲ್ಲು, ಕಸಾಪುರ. ಮೂರನ್ನೂ ಸ್ಥಾಪಿಸಿದವರು ವಿಜಯನಗರದ ರಾಜಗುರು ವ್ಯಾಸರಾಯರು ಎಂಬ ನಂಬಿಕೆ. ಮೂರೂ ಈಗ ಆಂಧ್ರದ ಅನಂತಪುರ ಜಿಲ್ಲೆಯಲ್ಲಿವೆ. ಹೊತ್ತು ಮುಳುಗುವುದರೊಳಗೆ ಮೂರೂ ಕಡೆ ಕಾಯಿ ಒಡೆಸಬೇಕು ಎನ್ನುವುದು ದೊಡ್ಡಮ್ಮ ತಾನೇ ಹಾಕಿಕೊಂಡಿದ್ದ ಕಟ್ಟು. ಎಪ್ಪತ್ತೆರಡರ ಮಂಡಿನೋವಿನಲ್ಲಿ ವರ್ಷ ವರ್ಷ ಮುಂದಕ್ಕೆ ಹಾಕುತ್ತಾ ಬಂದು, ಕೊನೆಗೆ 2024ರ ಆಗಸ್ಟ್ 17ರ ಶನಿವಾರ ನನ್ನನ್ನು ಹೊರಡಿಸಿದ್ದಳು.

ಮುರಡಿ ಬೆಳಿಗ್ಗೆಯೇ ಮುಗಿದಿತ್ತು. ನೇಮಕಲ್ಲಿಗೆ ಬರುವಾಗ ರಸ್ತೆಯ ಪಕ್ಕದ ಗಿಡಗಳ ಮೇಲೆ ಜಲ್ಲಿ ಕ್ರಷರುಗಳ ಬಿಳಿ ದೂಳು ಕೂತಿತ್ತು. ಮಳೆಗಾಲದ ಹಸಿರು ಹಿಟ್ಟು ಮೆತ್ತಿದ ಹಾಗೆ ಕಾಣುತ್ತಿತ್ತು. ಗುಡಿಯ ಮುಂದೆ ಜನವೋ ಜನ. ಬೋರ್ಡುಗಳೆಲ್ಲ ತೆಲುಗು, ಸಾಲಿನಲ್ಲಿ ನಿಂತವರ ಜಗಳ ಅರ್ಧ ಕನ್ನಡ ಅರ್ಧ ತೆಲುಗು. ಕಾಯಿ ಮಾರುವವಳು ನಮಗೆ ಕನ್ನಡದಲ್ಲಿ ರೇಟು ಹೇಳಿ, ಚಿಲ್ಲರೆ ಎಣಿಸುವಾಗ ತೆಲುಗಿಗೆ ಹೊರಳಿದಳು. ನೇಮಕಲ್ಲು ಎಂಬ ಹೆಸರಿನ ಮೂಲ ಏನೇ ಇರಲಿ, ಆ ದಿನ ನನಗೆ ಕೇಳಿಸಿದ್ದು ಎರಡೇ ಪದ: ನೇಮ ಮತ್ತು ಕಲ್ಲು. ಅಷ್ಟು ಜನರನ್ನು ಬಿಸಿಲಿನಲ್ಲಿ ನಿಲ್ಲಿಸಿದ್ದು ಅವೆರಡೇ ತಾನೆ. ಅಲ್ಲಿಂದ ಕಣೇಕಲ್ಲಿನ ಮೇಲೆ ಕಸಾಪುರಕ್ಕೆ ಹೋಗಬೇಕಿತ್ತು. ಕೆರೆ ನಮ್ಮನ್ನು ತಡೆಯಿತು.

ಬೇವಿನ ಮರದ ಕೆಳಗೆ ನಮಗಿಂತ ಮೊದಲೇ ಒಬ್ಬಳು ಕುಳಿತಿದ್ದಳು. ಮರದ ಬುಡಕ್ಕೆ ಬಲೆಯ ಒಂದು ತುದಿ ಕಟ್ಟಿ, ಇನ್ನೊಂದು ತುದಿಯನ್ನು ಕಾಲ ಹೆಬ್ಬೆರಳಿಗೆ ಸಿಕ್ಕಿಸಿಕೊಂಡಿದ್ದಳು. ಬಿಳಿ ಕೂದಲು, ಬೊಚ್ಚು ಬಾಯಿ, ಕೈತುಂಬ ಹಸಿರು ಗಾಜಿನ ಬಳೆ. ಕಣ್ಣು ಬಲೆಯ ಮೇಲಿರಲಿಲ್ಲ, ದೂರದ ನೀರಿನ ಮೇಲಿತ್ತು. ಕೈಗಳು ಮಾತ್ರ ತಮ್ಮಷ್ಟಕ್ಕೆ ಗಂಟು ಹಾಕುತ್ತಿದ್ದವು. ಮೀನಿನ ವಾಸನೆಗೆ ದೊಡ್ಡಮ್ಮ ಸೆರಗನ್ನು ಮೂಗಿಗೆ ತಂದಳು. ನೇಮದ ದಿನ ಬೇರೆ. ಮುದುಕಿ ಅದನ್ನು ಗಮನಿಸಿದಳೆಂದು ಕಾಣುತ್ತದೆ. ಕಾಲಿನ ಬಲೆ ಬಿಚ್ಚಿ ಆಚೆ ಸರಿದು, ಗಾಳಿಯ ಕೆಳಗಿನ ಬದಿಗೆ ಕುಳಿತಳು. ಸರಿಯುತ್ತಲೇ ಕೇಳಿದಳು: "ನೇಮಕಲ್ಲಿಗೆ ಹೋಗಿದ್ರೇನಮ್ಮಾ?"

"ಹೌದು. ನೀನು ಹೋಗಲ್ವಾ?"

"ನೀವು ಹೋಗಿ ಬರ್ರಿ. ಶ್ರಾವಣದಾಗ ನಿಮಗ ದೇವರು, ನಮಗ ಬಲೆ. ಮೀನ ತಗೊಳ್ಳೋರೇ ಇಲ್ಲ ಅಂದ್ರ ಕುಂತು ಹರಿದದ್ದು ಹೊಲಿಯೋದು."

ಆ ಮಾತಿನಿಂದ ನನಗೆ ಈ ಸೀಮೆಯ ಇನ್ನೊಂದು ಪಂಚಾಂಗ ಕಂಡಿತು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಶ್ರಾವಣಕ್ಕೆ ಮಾಂಸ ಮೀನು ನಿಲ್ಲುತ್ತದೆ. ಸಾವಿರಾರು ಜನ ನೇಮ ಹಿಡಿದ ತಿಂಗಳು ಬೆಸ್ತರ ಕೇರಿಗೆ ವ್ಯಾಪಾರವಿಲ್ಲದ ತಿಂಗಳು. ಅದೇ ಹೊತ್ತಿಗೆ ಹೊಸ ನೀರಿಗೆ ಮೀನು ಮೊಟ್ಟೆ ಕಟ್ಟುವುದು. "ಅವೂ ಬದುಕಲಿ ಬಿಡಪ್ಪಾ" ಅಂದಳು ಅಜ್ಜಿ. ಅದರಲ್ಲಿ ಕರುಣೆಗಿಂತ ಲೆಕ್ಕವೇ ಹೆಚ್ಚಿತ್ತು. ಈಗ ಬಿಟ್ಟ ಮೀನು ಸಂಕ್ರಾಂತಿಗೆ ಸಿಗುತ್ತದೆ.

ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ ಬೀಳುವ, ದೇಶದ ಅತಿ ಒಣ ಜಿಲ್ಲೆಗಳ ಸಾಲಿನಲ್ಲಿರುವ ಈ ಅನಂತಪುರದಲ್ಲಿ ಮೀನುಗಾರರು ಇದ್ದಾರೆಂದರೆ ದೂರದವರು ನಗುತ್ತಾರೆ. ಇದೇ ಬೊಮ್ಮನಹಾಳು ಕಡೆಯ ದರ್ಗಾ ಹೊನ್ನೂರಿನಲ್ಲಿ ಮರಳಿನ ದಿಬ್ಬಗಳೆದ್ದು ಹೊಲಗಳನ್ನು ನುಂಗುತ್ತಿವೆ. ಮರುಭೂಮಿಯ ದೃಶ್ಯ ಬೇಕಾದ ಸಿನಿಮಾದವರು ಅಲ್ಲಿ ಬಂದು ಚಿತ್ರೀಕರಿಸಿಕೊಂಡು ಹೋಗಿದ್ದಾರೆ. ಆ ಮರಳಿಗೂ ಈ ಮೀನಿಗೂ ತಾಯಿ ಒಬ್ಬಳೇ, ವೇದಾವತಿ. ಬಾಬಾಬುಡನ್‌ಗಿರಿಯ ಸೀಮೆಯಲ್ಲಿ ಹುಟ್ಟಿ, ಹಿರಿಯೂರಿನ ಹತ್ತಿರ ಮಾರಿಕಣಿವೆಯಲ್ಲಿ ಕಟ್ಟೆಗೆ ಸಿಕ್ಕಿ, ಇಲ್ಲಿಗೆ ಬರುವಷ್ಟರಲ್ಲಿ ಅವಳಿಗೆ ಹಗರಿ ಎಂಬ ಹೆಸರು. ಬಂದರೆ ಹೊಳೆ, ಬಾರದಿದ್ದರೆ ಬರೀ ಮರಳು.

ಅಜ್ಜಿ ಹುಟ್ಟಿದ್ದು ಆ ಹಗರಿಯ ದಂಡೆಯ ಒಂದು ಹಳ್ಳಿಯಲ್ಲಿ. ಅಪ್ಪ ಹರಿಗೋಲು ಹಾಕುತ್ತಿದ್ದ. ಹೊಳೆ ಬಂದ ದಿನಗಳಲ್ಲಿ ಜನ, ಕುರಿ, ಮದುವೆ ದಿಬ್ಬಣ ಎಲ್ಲವನ್ನೂ ಆಚೆ ದಡಕ್ಕೆ ಮುಟ್ಟಿಸಿ, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಜೋಳ ಅಳೆಸಿಕೊಂಡು ಬರುತ್ತಿದ್ದನಂತೆ. ಮದುವೆಯಾಗಿ ಈ ಕೆರೆಗೆ ಬಂದಳು. "ಹೊಳೆಯ ಮಗಳು, ಕೆರೆಯ ಸೊಸೆ" ಎಂದು ತನ್ನನ್ನು ಪರಿಚಯಿಸಿಕೊಂಡಳು. ಹರಿಯುವ ನೀರಿನಲ್ಲಿ ಬೆಳೆದವಳಿಗೆ ನಿಂತ ನೀರು ಮೊದಲು ಉಸಿರು ಕಟ್ಟಿಸಿತ್ತಂತೆ. "ಹೊಳಿ ಅಂದ್ರ ಸದ್ದು. ಇಲ್ಲಿ ರಾತ್ರಿ ಸದ್ದೇ ಇಲ್ಲ, ನಿದ್ದೀನೇ ಬರ್ತಿರಲಿಲ್ಲ."

ವಯಸ್ಸು ಕೇಳಿದೆ. ಸೊಂಟದ ಚೀಲದಿಂದ ಆಧಾರ್ ಕಾರ್ಡು ತೆಗೆದು ಕೊಟ್ಟಳು. ಹುಟ್ಟಿದ ತಾರೀಖು ಜನವರಿ 1. ಈ ದೇಶದ ಅರ್ಧ ಮುದುಕರು ಹುಟ್ಟಿರುವುದು ಅದೇ ದಿನ. "ಅದು ಬರದವನ ಲೆಕ್ಕ" ಅಂದಳು. "ನಮ್ಮವ್ವ ಹೇಳ್ತಿದ್ಲು, ಮಾರಿಕಣಿವಿ ಕೋಡಿ ಬಿದ್ದು ಹಗರಿ ಬಂದ ವರ್ಷ ನೀ ಹುಟ್ಟಿದ್ದು ಅಂತ."

ನನ್ನ ಮೈ ಒಂದು ಸಲ ಜುಮ್ಮೆಂದಿತು. 1907ರಲ್ಲಿ ಮುಗಿದ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ, ಮೊದಲ ಸಲ ಕೋಡಿ ಬಿದ್ದದ್ದು 1933ರಲ್ಲಿ. ಎರಡನೆಯ ಸಲ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ನಡುವೆ ಎಂಬತ್ತೊಂಬತ್ತು ವರ್ಷ. ಅವಳ ಅವ್ವನ ಮಾತು ನಿಜವಾದರೆ, ಒಂದು ಕೋಡಿಗೆ ಹುಟ್ಟಿದವಳು ಇನ್ನೊಂದು ಕೋಡಿಯನ್ನು ಕಂಡಿದ್ದಳು. ಎರಡು ವರ್ಷದ ಹಿಂದೆ ಹಗರಿ ತುಂಬಿ ಬಂದಾಗ ಮೊಮ್ಮಗ ಬೈಕಿನ ಹಿಂದೆ ಕೂರಿಸಿಕೊಂಡು ಹೋಗಿ ತೋರಿಸಿದನಂತೆ. ದಂಡೆಯಲ್ಲಿ ನಿಂತು ಅರಿಶಿನ ಕುಂಕುಮ, ಎರಡು ಬಳೆ ಬಿಟ್ಟಳಂತೆ. "ಏನನ್ನಿಸಿತು ಅಜ್ಜಿ?" ಅಂದೆ.

"ಏನನ್ನಿಸೋದು? ನನ್ನ ಹುಡುಕ್ಕೊಂಡು ಬಂದ್ಲು ಅನ್ನಿಸ್ತು. ಆಮೇಲೆ ಕಾಲು ನೋವು ಅನ್ನಿಸ್ತು. ವಾಪಸ್ ಕರ್ಕೊಂಡ್ ಬಂದ."

ಇಷ್ಟು ಹೊತ್ತಿಗೆ ದೊಡ್ಡಮ್ಮನ ಸೆರಗು ಮೂಗಿನಿಂದ ಇಳಿದಿತ್ತು. ತನಗೆ ಎಪ್ಪತ್ತೆರಡು ಎಂದು ತಾನಾಗಿಯೇ ಹೇಳಿದಳು. ಅಲ್ಲಿಯವರೆಗೆ "ಅಮ್ಮಾ" ಅನ್ನುತ್ತಿದ್ದ ಅಜ್ಜಿ ಆಮೇಲೆ "ತಂಗೀ" ಅನ್ನತೊಡಗಿದಳು.

ನಾನು ಬಲೆಯ ಹತ್ತಿರ ಹೋಗಿ ಕುಳಿತೆ. ಅವಳ ಬಲಗೈಯಲ್ಲಿ ಬಿದಿರಿನ ಚೂಪು ಕಡ್ಡಿ, ಅದರ ಹೊಟ್ಟೆಗೆ ನೈಲಾನ್ ದಾರ ಸುತ್ತಿದೆ. ಎಡಗೈಯಲ್ಲಿ ಒಂದು ಚಪ್ಪಟೆ ಬಿದಿರ ಪಟ್ಟಿ, ನೆಲ್ಲಿಕಾಯಿ ಬಣ್ಣ ಹೋಗಿ ಜೇನಿನ ಬಣ್ಣಕ್ಕೆ ಬಂದಿದೆ. ಅಂಚು ನುಣುಪಾಗಿ ಎಣ್ಣೆ ಹಚ್ಚಿದ ಹಾಗಿದೆ. ದಾರವನ್ನು ಪಟ್ಟಿಗೆ ಒಂದು ಸುತ್ತು ತಂದು, ಮೇಲಿನ ಕಣ್ಣಿನೊಳಗೆ ಕಡ್ಡಿ ತೂರಿಸಿ, ಹೆಬ್ಬೆರಳಿನಿಂದ ಒತ್ತಿ ಹಿಡಿದು, ಎಡಕ್ಕೆ ಒಂದು ಬೀಸು ಬೀಸಿ ಎಳೆದರೆ ಗಂಟು. ಪಟ್ಟಿ ಮುಂದಕ್ಕೆ ಸರಿದು ಇನ್ನೊಂದು ಕಣ್ಣು. ಬಲೆಯ ಮನೆಗೆ ಇವರು ಕಣ್ಣು ಎನ್ನುತ್ತಾರೆ.

"ಹಿಂದಕ ಪಟ್ಟಿ ಇರಲಿಲ್ಲ" ಅಂದಳು. "ಬೆರಳೇ ಅಳತಿ. ಎರಡು ಬೆರಳ ಬಲಿ, ಮೂರು ಬೆರಳ ಬಲಿ ಅಂತ. ನಮ್ಮತ್ತಿದು ದೊಡ್ಡ ಕೈ. ಆಕಿ ಎರಡು ಬೆರಳಿಗೆ ನೇಯ್ದ್ರೆ ಮರಿಗಳೆಲ್ಲ ದಾಟಿ ಹೋಗ್ತಿದ್ದವು, ಬೆಳೆದವೇ ನಿಲ್ತಿದ್ದವು. ನಾನು ಸೊಸೀ ಆಗಿ ಬಂದು ನೇಯ್ದೆ, ನನ್ನ ಬೆರಳು ಸಣ್ಣವು, ಬಲಿ ಪೂರಾ ಮರಿ ತುಂಬ್ಕೊಂಡ್ ಬಂತು. ನಮ್ಮತ್ತಿ ಬಯ್ಯಲಿಲ್ಲ. ತನ್ನ ಎರಡು ಬೆರಳು ಬಿದಿರ ಮ್ಯಾಲೆ ಇಟ್ಟು, ಅಷ್ಟಗಲ ಸೀಳಿಸಿ ಕೊಟ್ಲು. ಇಕಾ, ಇದೇ."

ಪಟ್ಟಿಯನ್ನು ನನ್ನ ಕೈಗಿಟ್ಟಳು. ಅತ್ತೆ ಸತ್ತು ಎಷ್ಟೋ ವರ್ಷವಾಗಿದೆ. ಇವಳ ಬೆರಳುಗಳೂ ಈಗ ಒಣಗಿ ಇನ್ನಷ್ಟು ಸಣ್ಣವಾಗಿವೆ. ಬೆರಳಿನ ಅಳತೆಯನ್ನೇ ನೆಚ್ಚಿದ್ದರೆ ಅವಳಿಗೆ ವಯಸ್ಸಾದಂತೆಲ್ಲ ಕೆರೆಯ ಮೀನುಮರಿಗಳ ಆಯಸ್ಸೂ ಕಡಿಮೆಯಾಗುತ್ತಿತ್ತು. ಆಳಿನ ಅಳತೆ ಆಳಿನ ಜೊತೆ ಬದಲಾಗುತ್ತದೆ, ಬಲೆಯ ಅಳತೆ ಬದಲಾಗಕೂಡದು. ಇಷ್ಟು ದೊಡ್ಡ ಮಾತನ್ನು ಆ ಅತ್ತೆ ಗೇಣುದ್ದದ ಬಿದಿರಿನಲ್ಲಿ ಸೀಳಿಕೊಟ್ಟಿದ್ದಳು.

ಆಗಿನ ಬಲೆ ಹತ್ತಿಯ ನೂಲಿನದು. ತಂಗಡಿ ತೊಗಟೆ ಕುದಿಸಿದ ಕಷಾಯದಲ್ಲಿ ಅದ್ದಿ ಒಣಗಿಸದಿದ್ದರೆ ಒಂದೇ ಮಳೆಗಾಲಕ್ಕೆ ಕೊಳೆಯುತ್ತಿತ್ತು. ಅದ್ದುವುದು, ಒಣಹಾಕುವುದು, ಹೊಲಿಯುವುದು ಹೆಂಗಸರ ಕೆಲಸ. ಹೊತ್ತು ಮಾರುವುದೂ ಅವರದೇ. ಬೀಸುವುದಷ್ಟೇ ಗಂಡಸರದು. ನಸುಕಿನಲ್ಲಿ ಬುಟ್ಟಿ ಹೊತ್ತು ಹಳ್ಳಿಗಳ ಮೇಲೆ ಹೋಗಿ, ಮೀನು ಕೊಟ್ಟು ಜೋಳ, ನವಣೆ ಅಳೆಸಿಕೊಂಡು ಮಧ್ಯಾಹ್ನಕ್ಕೆ ಮನೆ. ನೈಲಾನ್ ಬಂದ ಮೇಲೆ ಕಷಾಯದ ಹಂಡೆ ಮೂಲೆ ಸೇರಿತು.

ಮೀನೂ ಬದಲಾದವು. ಅವಳ ಬಾಯಲ್ಲಿ ಹಳೆಯ ಮೀನುಗಳ ಹೆಸರು ಸತ್ತ ನೆಂಟರ ಹೆಸರಿನ ಹಾಗೆ ಬರುತ್ತಿದ್ದವು: ಕೊರಮೀನು, ಬಾಳೆಮೀನು, ಚೇಳುಮೀನು, ಹಾವುಮೀನು. ಕೆರೆ ಬತ್ತಿದ ವರ್ಷ ಕೆಸರೊಳಗೆ ಹುದುಗಿದ ಕೊರಮೀನನ್ನು ಕೈಯಲ್ಲೇ ತಡಕಿ ಹಿಡಿದು ಮಕ್ಕಳನ್ನು ಸಾಕಿದ್ದಾಗಿ ಹೇಳಿದಳು. ಈಗ ಕೆರೆಗೆ ಬಿಡುವುದು ಕಾಟ್ಲಾ, ರೋಹು, ಮೃಗಾಲ್ ಮರಿಗಳನ್ನು. ಬಡಗಣ ನದಿಗಳ ಈ ಮೀನುಗಳು ನಿಂತ ನೀರಿನಲ್ಲಿ ಮೊಟ್ಟೆಯಿಡುವುದಿಲ್ಲ. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧರಿ ಮತ್ತು ಅಲಿಕುಂಞಿ ಎಂಬ ವಿಜ್ಞಾನಿಗಳು ಚುಚ್ಚುಮದ್ದು ಕೊಟ್ಟು ಇಂಥ ಮೀನಿಗೆ ಹೆರಿಗೆ ಮಾಡಿಸಿದ ಮೇಲೆ ದೇಶದ ಕೆರೆಗಳ ಕಥೆಯೇ ಬೇರೆಯಾಯಿತು. ನಾನು ಇದನ್ನು ಹೇಳಿದಾಗ ಅಜ್ಜಿ ನಕ್ಕಳು. "ಅದಕ್ಕೇ ಇವು ಆಸ್ಪತ್ರಿ ಮೀನು. ಬೇಗ ಬೆಳೀತಾವ, ರುಚಿ ಕಮ್ಮಿ." ಆದರೆ ಸಾಲ ತೀರಿಸಿದ್ದು ಆಸ್ಪತ್ರೆ ಮೀನೇ ಎಂದೂ ಸೇರಿಸಿದಳು. ಯಾರೂ ಕರೆಯದೆ ಬಂದು ಕೆರೆ ತುಂಬಿಕೊಂಡ ಜಿಲೇಬಿ ಮೀನಿನ ಮಾತು ಬಂದಾಗ ಮಾತ್ರ ಕೈಬೀಸಿ ಅತ್ತ ತಳ್ಳಿದಳು.

ಮೀನಿಗೆ ಬಂದದ್ದು ಭಾಷೆಗೂ ಬಂತು, ಊರಿಗೂ ಬಂತು. ಅಜ್ಜಿ ಹುಟ್ಟಿದಾಗ ಈ ಕೆರೆಯಿದ್ದ ರಾಯದುರ್ಗ ತಾಲ್ಲೂಕು ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು. ಬಳ್ಳಾರಿಯ ಹತ್ತು ತಾಲ್ಲೂಕುಗಳಲ್ಲಿ ಏಳು ಮೈಸೂರಿಗೆ ಹೋದವು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಉಳಿದವು. ರಾಯದುರ್ಗ ಅನಂತಪುರ ಜಿಲ್ಲೆಯ ಪಾಲಾಯಿತು. ಆಗ ಇವಳು ಇಪ್ಪತ್ತರ ಸೊಸೆ. 2014ರಲ್ಲಿ ಆಂಧ್ರವೇ ಎರಡಾಯಿತು. 2022ರಲ್ಲಿ ಅನಂತಪುರವೂ ಎರಡಾಗಿ, ನೊಳಂಬರ ಹೇಮಾವತಿ ಇರುವ ಕನ್ನಡದ ಮಡಕಶಿರ ಸತ್ಯಸಾಯಿ ಜಿಲ್ಲೆಗೆ ಹೋಯಿತು, ರಾಯದುರ್ಗ ಇಲ್ಲೇ ಉಳಿಯಿತು. ಇವಳು ಮಾತ್ರ ಈ ಏರಿ ಬಿಟ್ಟು ಕದಲಿಲ್ಲ. ಸೀಮೆಗಳೇ ಅವಳ ಮುಂದೆ ಹಾದುಹೋದವು, ಸಂತೆಗೆ ಹೊರಟ ಗಾಡಿಗಳ ಹಾಗೆ.

ಗಡಿ ಅವಳಿಗೆ ತಿಳಿಯುವುದು ಮಗಳಿಂದ. ಮಗಳನ್ನು ಬಳ್ಳಾರಿ ಕಡೆಗೆ ಕೊಟ್ಟಿದೆ. ಅಲ್ಲಿ ಆಗ ಆಕೆಗೆ ಬಸ್ಸು ಪುಕ್ಕಟೆ, ತಿಂಗಳಿಗೆ ಎರಡು ಸಾವಿರ ಗೃಹಲಕ್ಷ್ಮಿ. ಇಲ್ಲಿ ಇವಳ ಪಿಂಚಣಿ ಆ ಜುಲೈನಿಂದ ನಾಲ್ಕು ಸಾವಿರವಾಗಿತ್ತು, ಒಂದನೇ ತಾರೀಖು ಮನೆ ಬಾಗಿಲಿಗೇ ತಂದುಕೊಡುತ್ತಿದ್ದರು. ಮೊಮ್ಮಕ್ಕಳು ರಾಯದುರ್ಗದಲ್ಲಿ ಜೀನ್ಸ್ ಹೊಲಿಯುತ್ತಾರೆ, ಶಾಲೆಯಲ್ಲಿ ಓದಿದ್ದು ತೆಲುಗು. "ಮನಿಯಾಗ ಕನ್ನಡ, ಕಾಗದದಾಗ ತೆಲುಗು. ಮೀನಿಗ ಎರಡೂ ಬರಲ್ಲ" ಅಂದಳು. ಕಾಗದದ ಮಾತಿಗೆ ಒಂದು ಸಣ್ಣ ನೋವೂ ಹೊರಬಂತು. ಸಂಘದ ಪುಸ್ತಕದಲ್ಲಿ ಹೆಸರಿದ್ದದ್ದು ಗಂಡನದು, ಅವನ ನಂತರ ಮಗನದು. ಅರವತ್ತು ವರ್ಷ ಮೀನು ಹೊತ್ತವಳು ಯಾವ ಪುಸ್ತಕದಲ್ಲೂ ಮೀನುಗಾರಳಲ್ಲ.

ನನ್ನ ಫೋನಿನಲ್ಲಿ ತುಂಗಭದ್ರಾ ಅಣೆಕಟ್ಟಿನ ಸುದ್ದಿ ಬರುತ್ತಲೇ ಇತ್ತು. ಅದರ ಹಿಂದಿನ ಶನಿವಾರ ರಾತ್ರಿ ಚೈನು ತುಂಡಾಗಿ ಹತ್ತೊಂಬತ್ತನೆಯ ಗೇಟು ಕೊಚ್ಚಿಹೋಗಿ, ಎರಡೂ ರಾಜ್ಯದ ರೈತರು ವಾರವಿಡೀ ಉಸಿರು ಬಿಗಿಹಿಡಿದಿದ್ದರು. ಕನ್ನಯ್ಯ ನಾಯ್ಡು ಎಂಬ ಹಿರಿಯ ತಜ್ಞರು ಮುಂದೆ ನಿಂತು, ಹರಿಯುವ ನೀರಿನಲ್ಲೇ ಉಕ್ಕಿನ ಹಲಗೆಗಳನ್ನು ಇಳಿಸಿ ಕಿಂಡಿ ಮುಚ್ಚಿಸುತ್ತಿದ್ದರು. ಹಿಂದೆ ಮಳೆಯನ್ನೂ ಹಗರಿಯನ್ನೂ ನೆಚ್ಚಿದ್ದ ಈ ಕೆರೆಗೆ ಈಗ ತುಂಗಭದ್ರೆಯ ಮೇಲ್ಮಟ್ಟದ ಕಾಲುವೆಯೇ ಆಧಾರ. ಅಲ್ಲಿ ನೀರು ಹೋದರೆ ಇಲ್ಲಿ ಮೀನು ಹೋಗುತ್ತದೆ. ಆ ಕಿಂಡಿ ಮುಚ್ಚುತ್ತಿದ್ದಾರಂತೆ ಎಂದು ಅಜ್ಜಿಗೆ ಹೇಳಿದೆ.

"ಆ ಕಟ್ಟಿಗೆ ಎಷ್ಟು ವಯಸ್ಸು?"

"1953ರಲ್ಲಿ ನೀರು ಬಿಟ್ಟದ್ದು. ಎಪ್ಪತ್ತೊಂದು."

"ನನಗಿಂತ ಸಣ್ಣದು" ಅಂದಳು ಅಜ್ಜಿ. ಆಮೇಲೆ ಗಂಟು ಬಿಗಿಯುತ್ತಾ, "ಹರಿಯೋದು ತಪ್ಪಲ್ಲ ತಮ್ಮಾ. ಹರಿದ ರಾತ್ರೀನೇ ಹೊಲೀಬೇಕು. ನಾಳೆ ಅಂದ್ರ ಕಿಂಡಿ ದೊಡ್ಡದಾಗ್ತದ."

ದೂರದಲ್ಲಿ ಆಟೋ ಕಂಡಿತು. ದೊಡ್ಡಮ್ಮ ಗಡಿಬಿಡಿಯಲ್ಲಿ ಎದ್ದಾಗ ಕೈಚೀಲದ ತಳ ಕಿತ್ತು, ಎರಡು ಗುಡಿಯ ಕಾಯಿಹೋಳುಗಳು ಏರಿಯ ಇಳಿಜಾರಿನಲ್ಲಿ ಉರುಳಿದವು. ನಾನು ಓಡಿ ಹಿಡಿದೆ. ಅಜ್ಜಿ ಚೀಲಕ್ಕೆ ಕೈಚಾಚಿದಳು. ದೊಡ್ಡಮ್ಮ ಕೊಡಲಿಲ್ಲ, ಎದೆಗೆ ಒತ್ತಿಕೊಂಡಳು. ಪ್ರಸಾದದ ಚೀಲ, ಮೀನಿನ ಬಲೆಯ ದಾರ. ಇಬ್ಬರೂ ಮುದುಕಿಯರಿಗೆ ವಿಷಯ ಅರ್ಥವಾಗಿತ್ತು, ಇಬ್ಬರೂ ಬಾಯಿ ಬಿಡಲಿಲ್ಲ. ಅಜ್ಜಿ ಮಡಿಲಿನಿಂದ ಇನ್ನೂ ಕಾಗದ ಬಿಚ್ಚದ ದಾರದ ಉಂಡೆ ತೆಗೆದು ತೋರಿಸಿದಳು.

"ಹೊಸದು ತಂಗೀ. ಇನ್ನೂ ನೀರೂ ಕಂಡಿಲ್ಲ, ಮೀನೂ ಕಂಡಿಲ್ಲ."

ದೊಡ್ಡಮ್ಮ ಚೀಲ ಕೊಟ್ಟಳು.

ಡ್ರೈವರು ಟೈರು ಕೂರಿಸುವಷ್ಟರಲ್ಲಿ ಚೀಲದ ತಳದಲ್ಲಿ ಅಂಗೈಯಗಲದ ಬಲೆ ಮೂಡಿತ್ತು. ಅದೇ ಪಟ್ಟಿ, ಅದೇ ಗಂಟು. "ಕಾಯಿಹೋಳು ನಿಲ್ತಾವ" ಅಂದಳು. "ಕುಂಕುಮದ ಪೊಟ್ಣ ಬಿದ್ರ ನನ್ನ ಕೇಳಬ್ಯಾಡ. ಸಣ್ಣವು ಹೋಗ್ಬೇಕು, ಅದು ನಮ್ಮತ್ತಿ ಕಾನೂನು." ದೊಡ್ಡಮ್ಮ ಹಣ ಕೊಡಲು ಹೋಗಿ, ಯಾಕೋ ತಡೆದು, ಒಂದು ಕಾಯಿಹೋಳು ಕೊಟ್ಟಳು. ಅಜ್ಜಿ ಕಣ್ಣಿಗೊತ್ತಿಕೊಂಡು ಸೊಂಟದ ಚೀಲದಲ್ಲಿ, ಆಧಾರ್ ಕಾರ್ಡಿನ ಪಕ್ಕ ಇಟ್ಟುಕೊಂಡಳು.

ಕಸಾಪುರ ಮುಟ್ಟುವಾಗ ಕತ್ತಲಾಗಿತ್ತು. ದರ್ಶನವೇನೋ ಆಯಿತು, ಆದರೆ ಹೊತ್ತು ಮುಳುಗಿದ ಮೇಲಿನದು ಲೆಕ್ಕಕ್ಕಿಲ್ಲ ಎಂದು ದೊಡ್ಡಮ್ಮನೇ ತೀರ್ಪು ಕೊಟ್ಟುಕೊಂಡಳು. ಮುಂದಿನ ಶ್ರಾವಣ ಇನ್ನೊಮ್ಮೆ ಹೋಗಬೇಕಂತೆ. "ಬೇಗ ಹೊರಡೋಣ. ಆ ಕೆರೆ ದಾರೀಲೇ ಹೋಗೋಣ" ಅಂದಳು, ಕಿಟಕಿಯ ಆಚೆ ನೋಡುತ್ತಾ.

2025ರ ಜನವರಿಯಲ್ಲಿ ಮಾರಿಕಣಿವೆ ಮೂರನೆಯ ಸಲ ಕೋಡಿ ಬಿದ್ದ ಸುದ್ದಿ ಓದಿದಾಗ ನಾನು ಅಡುಗೆಮನೆಯ ಮೊಳೆಗೆ ನೇತುಹಾಕಿದ್ದ ಆ ಚೀಲವನ್ನು ಇಳಿಸಿ ನೋಡಿದೆ. ಬಟ್ಟೆ ಅಲ್ಲಲ್ಲಿ ಸವೆದಿದೆ, ಗಂಟು ಒಂದೂ ಜಾರಿಲ್ಲ. ಒಂದು ಕಣ್ಣಿನೊಳಗೆ ನನ್ನ ಎರಡು ಬೆರಳು ಇಟ್ಟೆ. ಪೆನ್ನು ಹಿಡಿದ ಬೆರಳುಗಳು. ಸಲೀಸಾಗಿ ಒಳಗೆ ಹೋದವು, ಪಕ್ಕದಲ್ಲಿ ಇನ್ನೂ ಜಾಗ ಉಳಿಯಿತು.